ಒಂಬತ್ತನೇ ಕಾಲಂ, ಹನ್ನೆರಡನೇ ಕಾಲಂ: ನಮ್ಮ ಸದನಗಳಲ್ಲಿ ಜಮೀನು ಮತ್ತು ರೈತ

(ದತ್ತಿ ಉಪನ್ಯಾಸದ ಪಠ್ಯ)



ಶಾಸನಸಭೆಗೂ ಹಳ್ಳಿಯ ಬದುಕಿಗೂ ಸಂಬಂಧಪಟ್ಟ ಒಂದು ವಿಷಯದ ಮೇಲೆ ವರ್ಷಕ್ಕೊಮ್ಮೆ ಮಾತು ನಡೆಯಬೇಕೆಂಬುದು ಈ ದತ್ತಿಯ ಆಶಯ. ನಾನು ಆರಿಸಿಕೊಂಡಿರುವುದು ಜಮೀನಿನ ತಕರಾರು ಮತ್ತು ರೈತರಿಗೆ ಸರ್ಕಾರ ಕೊಡುವ ನೆರವು. ಸಂಸತ್ತಾಗಲಿ, ನಮ್ಮ ವಿಧಾನಮಂಡಲವಾಗಲಿ ಇವೆರಡನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಸಚಿವರ ಮುಂದೆ ಚರ್ಚಿಸುತ್ತ ಬಂದಿವೆ. ವಿಧಾನಮಂಡಲದಲ್ಲಿ ಜಮೀನಿನ ಪ್ರಶ್ನೆಗೆ ಕಂದಾಯ ಸಚಿವರು ಎದ್ದು ನಿಲ್ಲುತ್ತಾರೆ, ನೆರವಿನ ಪ್ರಶ್ನೆಗೆ ಕೃಷಿ ಸಚಿವರು. ನನ್ನ ದೃಷ್ಟಿಯಲ್ಲಿ ಇವೆರಡೂ ಒಂದೇ ಪ್ರಶ್ನೆ. ಬೇರ್ಪಡಿಸಿ ನೋಡಿದ್ದರಿಂದಲೇ, ಪರರ ಜಮೀನಿನಲ್ಲಿ ಬೆಳೆ ತೆಗೆಯುವ ಒಂದು ದೊಡ್ಡ ಸಮುದಾಯ ಎರಡೂ ಲೆಕ್ಕಗಳಿಂದ ಬಿಟ್ಟುಹೋಗಿದೆ.

ಪಹಣಿಯಿಂದಲೇ ಶುರು ಮಾಡುತ್ತೇನೆ. ಇಲ್ಲಿರುವ ಬಹುಪಾಲು ಜನರ ಮನೆಯ ಬೀರುವಿನಲ್ಲಿ ಒಂದಾದರೂ ಪಹಣಿ ಇದ್ದೀತು. ಅದರ ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರನ ಹೆಸರು, ತಂದೆಯ ಹೆಸರು, ವಿಸ್ತೀರ್ಣ, ಖಾತೆ ನಂಬರು. ಹತ್ತರಲ್ಲಿ ಆ ಜಮೀನು ಬಂದ ಬಗೆ: ಕ್ರಯವೋ, ಪೌತಿಯೋ, ವಿಭಾಗವೋ. ಹನ್ನೊಂದರಲ್ಲಿ ಬ್ಯಾಂಕಿನ ಸಾಲ, ಇತರರ ಹಕ್ಕು. ಹನ್ನೆರಡನೆಯದು ಸಾಗುವಳಿಯ ಕಾಲಂ. ಯಾವ ವರ್ಷ, ಯಾವ ಹಂಗಾಮು, ಸಾಗುವಳಿ ಮಾಡಿದವರು ಯಾರು, ಬೆಳೆ ಯಾವುದು ಎಂಬುದನ್ನು ಅಲ್ಲಿ ಬರೆಯಬೇಕು. ಹಕ್ಕುದಾಖಲೆಯ ನಮೂದು ತಪ್ಪೆಂದು ಸಾಬೀತಾಗುವವರೆಗೆ ಅದನ್ನು ನಿಜವೆಂದೇ ಭಾವಿಸಬೇಕು ಎನ್ನುತ್ತದೆ 1964ರ ಭೂಕಂದಾಯ ಕಾಯ್ದೆಯ 133ನೇ ಸೆಕ್ಷನ್. ಎಪ್ಪತ್ತು ವರ್ಷಗಳ ನಮ್ಮ ಭೂಮಿಯ ರಾಜಕಾರಣವೆಲ್ಲ ಒಂಬತ್ತನೇ ಕಾಲಂ ಮತ್ತು ಹನ್ನೆರಡನೇ ಕಾಲಂ ನಡುವಿನ ಜಗಳ ಎಂದರೆ ತಪ್ಪಾಗದು.

1951ನೇ ಇಸವಿಯನ್ನು ನೋಡಿ. ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಹೆಚ್ಚಿನವರು ದೀವರು. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದೆಂಬುದು ಅವರ ಮೊದಲ ದೂರು. ಗದ್ದೆಯ ಮೇಲೆ ಅವರಿಗೊಂದು ಹಕ್ಕಿದೆ ಎಂದು ಹೇಳುವ ಚೀಟಿಯೇ ಇರಲಿಲ್ಲ, ಒಡೆಯರು ಬಿಡು ಎಂದರೆ ಬಿಡಬೇಕಿತ್ತು. ಎಚ್. ಗಣಪತಿಯಪ್ಪ ಈ ಗೇಣಿದಾರರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದೇ ಮೇ, ಜೂನ್ ತಿಂಗಳಲ್ಲಿ ದೆಹಲಿಯ ತಾತ್ಕಾಲಿಕ ಸಂಸತ್ತಿನಲ್ಲಿ ಸಂವಿಧಾನದ ಮೊದಲ ತಿದ್ದುಪಡಿಯ ಚರ್ಚೆ ನಡೆಯುತ್ತಿತ್ತು. ಬಿಹಾರದ ಜಮೀನ್ದಾರಿ ರದ್ದತಿ ಕಾನೂನನ್ನು ಪಟ್ನಾ ಹೈಕೋರ್ಟ್ ಆ ಮಾರ್ಚ್‌ನಲ್ಲಿ ಬಿಸಾಡಿತ್ತು. ಭೂಸುಧಾರಣೆಯ ಕಾನೂನುಗಳನ್ನು ಕೋರ್ಟಿನಿಂದ ಕಾಪಾಡಲು ನೆಹರೂ ಸರ್ಕಾರ 31ಎ, 31ಬಿ ವಿಧಿಗಳನ್ನೂ ಒಂಬತ್ತನೇ ಅನುಸೂಚಿಯನ್ನೂ ತಂದಿತು. ಶ್ಯಾಮಪ್ರಸಾದ್ ಮುಖರ್ಜಿಯಂಥವರು ಆ ತಿದ್ದುಪಡಿಯನ್ನು ಬಲವಾಗಿ ವಿರೋಧಿಸಿದರು. ಆ ಚರ್ಚೆಯಲ್ಲಿ ಎರಡೂ ಕಡೆಯ ಮಾತಿಗೆ ತೂಕವಿತ್ತು. ಮೂಲಭೂತ ಹಕ್ಕನ್ನು ಮೊಟಕುಮಾಡುವುದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬ ಆತಂಕ ಸುಳ್ಳಾಗಿರಲಿಲ್ಲ, ಜಮೀನ್ದಾರಿಕೆ ಉಳಿದರೆ ಸ್ವಾತಂತ್ರ್ಯಕ್ಕೆ ಅರ್ಥವೇನು ಎಂಬ ಪ್ರಶ್ನೆಯೂ ಸುಳ್ಳಾಗಿರಲಿಲ್ಲ.

ಆ ಅನುಸೂಚಿಗೆ ಮೊದಲು ಸೇರಿದ್ದು ಹದಿಮೂರು ಕಾನೂನುಗಳು. ಅವುಗಳಲ್ಲಿ 1948ರ ಮುಂಬಯಿ ಗೇಣಿ ಕಾಯ್ದೆಯಿತ್ತು, ಹೈದರಾಬಾದಿನ ಜಾಗೀರು ರದ್ದತಿಯ ವಿನಿಯಮಗಳಿದ್ದವು. ಅಂದರೆ ಇಂದಿನ ಧಾರವಾಡ, ಕಲಬುರಗಿ ಸೀಮೆಯ ರೈತರಿಗೆ ಅನ್ವಯಿಸುತ್ತಿದ್ದ ಕಾನೂನುಗಳು ಅಲ್ಲಿದ್ದವು. ಮೈಸೂರು ರಾಜ್ಯದ ಒಂದು ಕಾನೂನೂ ಇರಲಿಲ್ಲ. ಕಾಗೋಡಿನ ರೈತರು ಜೈಲಿಗೆ ಹೋಗುತ್ತಿದ್ದಾಗ ಅವರನ್ನು ಕಾಪಾಡಲು ಸಂಸತ್ತಿನ ಬಳಿ ಮೈಸೂರಿನಿಂದ ಬಂದ ಕಾಗದವೇ ಇರಲಿಲ್ಲ. ಭೂಮಿ ರಾಜ್ಯದ ವಿಷಯ ಎಂಬ ಸಂವಿಧಾನದ ವ್ಯವಸ್ಥೆ ಎಲ್ಲಿ ಕಚ್ಚುತ್ತದೆ ಎನ್ನುವುದು ಆ ವರ್ಷವೇ ಕಂಡಿತು.

ಮಾರನೆಯ ವರ್ಷ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ವಿಧಾನಸಭೆಗೆ ಗೆದ್ದರು. ಗೇಣಿದಾರನ ಪರವಾಗಿ ಜೈಲು ಕಂಡ ಮನುಷ್ಯ ಸದನದೊಳಗೆ ನಿಂತು ಮಾತಾಡಿದ್ದು ನಮ್ಮ ಶಾಸನಸಭೆಯ ಚರಿತ್ರೆಯಲ್ಲಿ ದೊಡ್ಡ ಸಂಗತಿ ಎಂದೇ ನಾನು ತಿಳಿದಿದ್ದೇನೆ. 1967ರಲ್ಲಿ ಲೋಕಸಭೆಗೆ ಹೋದವರಲ್ಲಿ ಇಬ್ಬರನ್ನು ಇದರ ಜೊತೆಗೇ ನೆನೆಯಬೇಕು. ಒಬ್ಬರು ಅಂಕೋಲೆ ಸೀಮೆಯಲ್ಲಿ ಗೇಣಿದಾರರನ್ನು ಸಂಘಟಿಸಿ ಬ್ರಿಟಿಷರಿಂದ ಗಡಿಪಾರಾಗಿದ್ದ ದಿನಕರ ದೇಸಾಯಿ. ಇನ್ನೊಬ್ಬರು ಶಿವಮೊಗ್ಗದ ಸಮಾಜವಾದಿ ಜೆ.ಎಚ್. ಪಟೇಲ್, ಲೋಕಸಭೆಯಲ್ಲಿ ಕನ್ನಡದಲ್ಲೇ ಎದ್ದು ಮಾತಾಡಿದವರು.

ಇತ್ತ ರಾಜ್ಯದಲ್ಲಿ ಕಾನೂನು ಬರುವುದು ತಡವಾಯಿತು. ಏಕೀಕರಣದ ನಂತರ 1957ರಲ್ಲಿ ಬಿ.ಡಿ. ಜತ್ತಿ ಅವರ ಸಮಿತಿ ಕೂತಿತು, ಮಸೂದೆ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು, ಕಾಯ್ದೆ 1961ರಲ್ಲಿ ಒಪ್ಪಿಗೆಯಾಯಿತು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆ ಬೇಕೆಂದರೆ ಜಮೀನನ್ನು ಗೇಣಿದಾರನಿಂದ ವಾಪಸು ಪಡೆಯುವ ಅವಕಾಶ ಅದರಲ್ಲಿತ್ತು. ಕಾನೂನು ಬರಲಿದೆ ಎಂಬುದು ಪತ್ರಿಕೆ ಓದುವ ಒಡೆಯರಿಗೆಲ್ಲ ಗೊತ್ತಿತ್ತು. ಆ ವರ್ಷಗಳಲ್ಲಿ ಎಷ್ಟೋ ಗೇಣಿದಾರರು ತಾವಾಗಿಯೇ ಬಿಟ್ಟುಕೊಟ್ಟಂತೆ ಹೆಬ್ಬೆಟ್ಟು ಒತ್ತಿದರು, ಶಾನುಭೋಗರ ಪುಸ್ತಕದಲ್ಲಿ ಹನ್ನೆರಡನೇ ಕಾಲಂನ ಹೆಸರು ಬದಲಾಯಿತು. ಸದನದಲ್ಲಿ ಚರ್ಚೆ ಎಷ್ಟು ಉದ್ದವಾಯಿತೋ ಹಳ್ಳಿಯಲ್ಲಿ ಒಕ್ಕಲೆಬ್ಬಿಸಲು ಅಷ್ಟು ಪುರುಸೊತ್ತು ಸಿಕ್ಕಿತು. ಕಾನೂನು ಮಾಡುವವರು ಇದನ್ನು ಎಂದೂ ಮರೆಯಬಾರದು.

ಮುಖ್ಯಮಂತ್ರಿ ದೇವರಾಜ ಅರಸರ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಹಿಂದಿನ ಕಾನೂನುಗಳಿಗಿಲ್ಲದ ಧೈರ್ಯ ಅದಕ್ಕಿತ್ತು. ಆ ದಿನದಿಂದ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಪಡೆಯಬೇಕು. ತೀರ್ಮಾನಕ್ಕೆ ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಒಡೆಯನೂ ಒಕ್ಕಲೂ ಅಕ್ಕಪಕ್ಕದಲ್ಲಿ ನಿಂತು ತಮ್ಮ ತಮ್ಮ ಬಾಯಲ್ಲೇ ಹೇಳಬೇಕಿತ್ತು. ಒಡೆಯನ ಜಗಲಿಯ ಕೆಳಗೆ ನಿಂತೇ ರೂಢಿಯಾಗಿದ್ದವನಿಗೆ ಅದು ಎಂಥ ಅನುಭವ ಎಂದು ಊಹಿಸಿಕೊಳ್ಳಿ. ಪಹಣಿಯ ಹನ್ನೆರಡನೇ ಕಾಲಂನಲ್ಲಿ ಹೆಸರಿದ್ದವರ ದಾರಿ ಸಲೀಸಾಯಿತು. ಇಲ್ಲದವರು ಗೇಣಿ ರಸೀದಿ ತಂದರು, ಅದೂ ಇಲ್ಲದವರು ನೆರೆ ಗದ್ದೆಯವರನ್ನು ಸಾಕ್ಷಿಗೆ ಕರೆತಂದರು. ಮಂಡಳಿಯವರು ಸ್ಥಳಕ್ಕೇ ಹೋಗಿ ನೋಡಿದ ಪ್ರಕರಣಗಳೂ ಉಂಟು.

ಅರ್ಜಿ ಹಾಕುವ ಕೊನೆಯ ದಿನ 1979ರ ಜೂನ್ 30ರವರೆಗೆ ಬೆಳೆಯಿತು. ಬಂದ ಅರ್ಜಿಗಳು ಸುಮಾರು 8 ಲಕ್ಷ. ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳ ಸಮಾಜದ ಸ್ವರೂಪವನ್ನೇ ಅದು ಬದಲಿಸಿತು. ಆ ಮನೆಗಳ ಮಕ್ಕಳು ಇಂದು ಮೇಷ್ಟರು, ಎಂಜಿನಿಯರು, ವೈದ್ಯರು. ಒಂದು ಶಾಸನ ಇಷ್ಟು ಮಾಡಬಲ್ಲದು ಎಂಬುದಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಕಾಣುವುದಿಲ್ಲ. ಅದೇ ಹೊತ್ತಿಗೆ ಗಡಿಯಾಚೆ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯ ತೀರ್ಪು 1973ರ ಏಪ್ರಿಲ್ 24ರಂದು ಬಂದಿತ್ತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಮುಟ್ಟುವಂತಿಲ್ಲ ಎಂದ ಆ ತೀರ್ಪನ್ನು ಎಲ್ಲರೂ ಬಲ್ಲರು. ಅದರ ಬುಡದಲ್ಲಿದ್ದದ್ದು ಮಠದ ಜಮೀನು ಮತ್ತು ಒಕ್ಕಲಿನ ಪ್ರಶ್ನೆ.

1974ರ ತಿದ್ದುಪಡಿಗೆ ಇನ್ನೊಂದು ಮಗ್ಗುಲಿದೆ. ಐದನೇ ಸೆಕ್ಷನ್ ಇನ್ನು ಮುಂದೆ ಯಾರೂ ಕೃಷಿ ಜಮೀನನ್ನು ಗೇಣಿಗೆ ಕೊಡಕೂಡದು ಎಂದಿತು. ಸೈನಿಕರಿಗೆ, ನಾವಿಕರಿಗೆ ಮಾತ್ರ ವಿನಾಯಿತಿ. ಆ ಹೊತ್ತಿಗೆ ಅದು ಸರಿಯಾಗಿಯೇ ಇತ್ತು. ಗೇಣಿಯನ್ನು ಮತ್ತೆ ಬಿಟ್ಟಿದ್ದರೆ ಹಳೆಯ ಒಡೆತನ ಹಿತ್ತಿಲ ಬಾಗಿಲಿನಿಂದ ಬರುತ್ತಿತ್ತು. ಆದರೆ ಜಮೀನು ಕೊಡುವುದು, ಪಡೆಯುವುದು ನಿಂತಿತೇ? ಹಳೇ ಮೈಸೂರಿನಲ್ಲಿ ವಾರ ಎನ್ನುತ್ತಾರೆ, ಬಡಗಣ ಜಿಲ್ಲೆಗಳಲ್ಲಿ ಪಾಲು ಎನ್ನುತ್ತಾರೆ, ಲಾವಣಿ ಎನ್ನುತ್ತಾರೆ, ಎಲ್ಲ ಕಡೆ ಗುತ್ತಿಗೆ ಇದೆ. ಮಕ್ಕಳು ಬೆಂಗಳೂರು ಸೇರಿದ ಮುದುಕರ ಹೊಲ, ನೌಕರಿಯಲ್ಲಿರುವವರ ಹೊಲ, ಗಂಡಾಳಿಲ್ಲದ ಮನೆಯ ಹೊಲವನ್ನು ಉಳುತ್ತಿರುವವರು ಹೆಚ್ಚಾಗಿ ಜಮೀನಿಲ್ಲದ ಅಥವಾ ಎಕರೆ, ಅರ್ಧ ಎಕರೆಯ ಮನೆಯವರು. ಕಾನೂನು ಇದನ್ನು ಒಪ್ಪದ ಕಾರಣ ಎಲ್ಲವೂ ಬಾಯಿಮಾತಿನ ಕರಾರು. ಹಾಗಾಗಿ ಹನ್ನೆರಡನೇ ಕಾಲಂನಲ್ಲಿ ಒಂಬತ್ತನೇ ಕಾಲಂನ ಹೆಸರೇ ಮತ್ತೆ ಕಾಣಿಸುತ್ತದೆ. 1974ರಲ್ಲಿ ಒಕ್ಕಲಿಗೆ ಜಮೀನು ಕೊಡಿಸಿದ ಅದೇ ಕಾಲಂ ಇಂದು ಅವನಂಥವನನ್ನೇ ಮರೆಮಾಡುತ್ತಿದೆ.

ಇನ್ನು ನೆರವಿನ ಮಾತಿಗೆ ಬರುತ್ತೇನೆ. ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಬರುತ್ತದೆ. 2019ರ ಫೆಬ್ರುವರಿ 1ಕ್ಕೆ ಭೂದಾಖಲೆಯಲ್ಲಿ ಯಾರ ಹೆಸರಿತ್ತೋ ಆ ಕುಟುಂಬಕ್ಕೆ. ಪಾಲಿಗೆ ಮಾಡುವವನಿಗೆ ಇಲ್ಲ. ಫಸಲ್ ಬಿಮಾದಲ್ಲಿ ರೈತನ ಕಂತು ಮುಂಗಾರಿಗೆ ಶೇ. 2, ಹಿಂಗಾರಿಗೆ ಶೇ. 1.5, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ ಶೇ. 5. ಗೇಣಿದಾರರೂ ಪಾಲುದಾರರೂ ಸೇರಬಹುದು ಎಂದು ಮಾರ್ಗಸೂಚಿಯಲ್ಲಿದೆ. ಸೇರಬೇಕಾದರೆ ಕರಾರುಪತ್ರ ತೋರಿಸಬೇಕು. ಗೇಣಿಯನ್ನೇ ನಿಷೇಧಿಸಿರುವ ರಾಜ್ಯದಲ್ಲಿ ಆ ಪತ್ರ ಬರೆದುಕೊಡುವವರು ಯಾರು? 2008ರ ಬಜೆಟ್ಟಿನಲ್ಲಿ ಘೋಷಿಸಿದ ದೊಡ್ಡ ಸಾಲಮನ್ನಾ ಬ್ಯಾಂಕು, ಸಹಕಾರ ಸಂಘಗಳ ಸಾಲಕ್ಕೆ ಮಾತ್ರ ಅನ್ವಯಿಸಿತು. ಪಹಣಿ ಇಲ್ಲದವನಿಗೆ ಅಲ್ಲಿ ಸಾಲ ಹುಟ್ಟುವುದೇ ಅಪರೂಪ. ಅವನು ಸಾಲ ತಂದಿದ್ದದ್ದು ಗೊಬ್ಬರದಂಗಡಿಯಲ್ಲಿ, ಮಂಡಿಯಲ್ಲಿ, ಊರ ಸಾಹುಕಾರರ ಬಳಿ.

ರಾಗಿ ಖರೀದಿ ಕೇಂದ್ರದ ಮುಂದೆ ಒಂದು ಬೆಳಿಗ್ಗೆ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಟ್ರ್ಯಾಕ್ಟರಿನಿಂದ ಮೂಟೆ ಇಳಿಸುವವನು ಬೆಳೆದವನು. ಬಿತ್ತನೆಬೀಜ ಅವನದು, ಕಳೆ ತೆಗೆಸಿದ ಕೂಲಿ ಅವನದು, ರಾತ್ರಿ ಹಂದಿ ಕಾದದ್ದು ಅವನು. ಮೇಜಿನ ಹಿಂದೆ ಕೂತವರು ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ನಂಬರು, ಕೇಳುತ್ತಾರೆ. ಆ ನಂಬರು ಪಹಣಿಗೆ ಅಂಟಿಕೊಂಡಿದೆ, ಜಮೀನಿನ ಯಜಮಾನರ ಹೆಸರಿನಲ್ಲಿದೆ. ಅವನು ಜೇಬಿನಿಂದ ಯಜಮಾನರ ಆಧಾರ್ ನಕಲು ತೆಗೆದು ಕೊಡುತ್ತಾನೆ, ಬಯೋಮೆಟ್ರಿಕ್ ಬೇಕೆಂದರೆ ಅವರಿಗೆ ಫೋನು ಮಾಡುತ್ತಾನೆ. ಬೆಂಬಲ ಬೆಲೆಯ ಹಣ ಯಜಮಾನರ ಖಾತೆಗೆ ಬೀಳುತ್ತದೆ. ಅವರು ಒಳ್ಳೆಯವರಾದರೆ ಪೂರ್ತಿ ಬರುತ್ತದೆ. ಬರಗಾಲದ ಪರಿಹಾರ ಬಂದರೂ ಹೀಗೆಯೇ, ಬೆಳೆ ಒಣಗಿದ್ದು ಒಬ್ಬನದು, ಖಾತೆಗೆ ಬಂದದ್ದು ಇನ್ನೊಬ್ಬರಿಗೆ. ಇದರಲ್ಲಿ ಮೋಸಗಾರರು ಯಾರೂ ಇಲ್ಲದಿರಬಹುದು. ಅಧಿಕಾರಿ ನಿಯಮ ಪಾಲಿಸಿದ್ದಾನೆ, ಯಜಮಾನರು ಕೇಳಿದ ಕಾಗದ ಕೊಟ್ಟಿದ್ದಾರೆ. ಅನ್ಯಾಯ ಇರುವುದು ನಿಯಮದಲ್ಲೇ, ನಿಯಮ ಹುಟ್ಟುವುದು ಸದನದಲ್ಲಿ.

ಇದೇ ಸಾಲಿನಲ್ಲಿ ಇನ್ನೊಬ್ಬರಿದ್ದಾರೆ, ಹೆಣ್ಣುಮಕ್ಕಳು. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಹೆಂಗಸರ ಪಾಲು ಶೇ. 14ರ ಆಸುಪಾಸು. ನಾಟಿ, ಕಳೆ, ಕೊಯ್ಲು, ಹೈನು ಎಲ್ಲದರಲ್ಲೂ ಅವರ ಪಾಲು ಎಷ್ಟೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಕರ್ನಾಟಕ 1994ರಲ್ಲೇ, ಸಂಸತ್ತಿಗಿಂತ ಹನ್ನೊಂದು ವರ್ಷ ಮೊದಲು, ಹೆಣ್ಣುಮಕ್ಕಳಿಗೆ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಗಂಡ ತೀರಿಕೊಂಡ ಮನೆಯಲ್ಲಿ ಜಮೀನು ಇನ್ನೂ ಮಾವನ ಹೆಸರಿನಲ್ಲೋ ಮಾವನ ತಂದೆಯ ಹೆಸರಿನಲ್ಲೋ ಇರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಆತ್ಮಹತ್ಯೆ ಮಾಡಿಕೊಂಡ ರೈತನ ಹೆಂಡತಿ ಪರಿಹಾರ ಕೇಳಲು ಹೋದಾಗ ಮೊದಲು ಎದುರಾಗುವುದು ಇದೇ ಪ್ರಶ್ನೆ: ಜಮೀನು ಯಾರ ಹೆಸರಿನಲ್ಲಿದೆ, ಸಾಲ ಎಲ್ಲಿಯದು? ಬೇರೆಯವರ ಹೊಲ ಮಾಡುತ್ತಿದ್ದವನಾದರೆ ಅವನು ರೈತ ಎಂದು ಸಾಬೀತು ಮಾಡುವ ಹೊಣೆಯೂ ಅವಳದ್ದೇ.

ಸದನಗಳು ಇದನ್ನು ನೋಡಿಯೇ ಇಲ್ಲ ಎಂದರೆ ಅನ್ಯಾಯವಾದೀತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಂಸತ್ತು ಬಹಳ ಸ್ಪಷ್ಟವಾಗಿ ನೋಡಿದೆ. ಬಾಧಿತ ಕುಟುಂಬ ಎಂದರೆ ಜಮೀನು ಕಳೆದುಕೊಂಡ ಮಾಲೀಕರ ಕುಟುಂಬ ಮಾತ್ರವಲ್ಲ. ಹಿಂದಿನ ಮೂರು ವರ್ಷಗಳಿಂದ ಅಲ್ಲಿ ದುಡಿದು ಬದುಕಿದ ಗೇಣಿದಾರರು, ಪಾಲುದಾರರು, ಕೃಷಿಕೂಲಿಗಳು, ಕುಶಲಕರ್ಮಿಗಳೂ ಸೇರುತ್ತಾರೆ. ಖಾಸಗಿ ಯೋಜನೆಗೆ ಶೇ. 80, ಸರ್ಕಾರಿ-ಖಾಸಗಿ ಜಂಟಿ ಯೋಜನೆಗೆ ಶೇ. 70 ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು ಎಂದೂ ಅದು ಹೇಳಿತು. ಈ ಎರಡನ್ನು ಕೆಲವು ಬಗೆಯ ಯೋಜನೆಗಳಿಗೆ ಸಡಿಲಿಸಲು 2014ರ ಡಿಸೆಂಬರ್ 31ರಿಂದ ಮೂರು ಬಾರಿ ಸುಗ್ರೀವಾಜ್ಞೆ ಬಂತು. ಲೋಕಸಭೆ 2015ರ ಮಾರ್ಚ್‌ನಲ್ಲಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ರಾಜ್ಯಸಭೆಯಲ್ಲಿ ದಾಟಲಿಲ್ಲ, ಜಂಟಿ ಸಮಿತಿಗೆ ಹೋಯಿತು, ಆ ಆಗಸ್ಟ್ 31ಕ್ಕೆ ಸುಗ್ರೀವಾಜ್ಞೆ ತಾನಾಗಿ ಕೊನೆಯಾಯಿತು. ಎರಡು ಸದನಗಳಿರುವುದರಿಂದ ರೈತನಿಗೆ ಏನು ಲಾಭ ಎಂದು ಕೇಳುವವರಿಗೆ ನಾನು ಈ ಪ್ರಕರಣವನ್ನು ತೋರಿಸುತ್ತೇನೆ.

ನಮ್ಮ ರಾಜ್ಯದಲ್ಲಿ ಆ ರಕ್ಷಣೆ ಎಲ್ಲ ಕಡೆ ತಲುಪಿಲ್ಲ. ಕೈಗಾರಿಕಾ ಪ್ರದೇಶಕ್ಕೆ ಜಮೀನು ತೆಗೆದುಕೊಳ್ಳುವುದು 1966ರ ಕೆಐಎಡಿಬಿ ಕಾಯ್ದೆಯ 28ನೇ ಸೆಕ್ಷನ್ ಕೆಳಗೆ. ಅಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನವಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯ ವಿಚಾರದಲ್ಲಿ ರೈತರು ಮೂರು ವರ್ಷ ದಾಟಿ ಧರಣಿ ಕೂರಬೇಕಾಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ಕಾನೂನಿನೊಳಗೆ ಕೇಳಬೇಕಿದ್ದ ಒಪ್ಪಿಗೆಯನ್ನು ಟೆಂಟಿನ ಕೆಳಗೆ ಕೂತು ಕೇಳಿಸಬೇಕಾಯಿತು.

2020ರ ಮೂರು ಕೃಷಿ ಕಾಯ್ದೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆಲ್ಲ ನೆನಪಿದೆ. ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಮತವಿಭಜನೆಯ ಬೇಡಿಕೆಯಿದ್ದರೂ ಅವುಗಳ ಪೈಕಿ ಎರಡು ಮಸೂದೆಗಳು ಧ್ವನಿಮತದಲ್ಲಿ ಪಾಸಾದವು. 2021ರ ನವೆಂಬರ್ 29ರಂದು ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ಮೂರೂ ಕಾಯ್ದೆಗಳು ರದ್ದಾದವು. ಅಂಗೀಕಾರವನ್ನು ಒಪ್ಪಿದವರಿಗೂ ರದ್ದತಿಯನ್ನು ಒಪ್ಪಿದವರಿಗೂ ಇದು ನೋವಿನ ಸಂಗತಿಯಾಗಬೇಕು. ಒಂದು ವರ್ಷ ದೆಹಲಿಯ ಗಡಿಯಲ್ಲಿ ಕೂತ ಜನ ಎತ್ತಿದ ಪ್ರಶ್ನೆಗಳಿಗೆ ಸಂಸತ್ತಿನ ನಡಾವಳಿಯಲ್ಲಿ ಉತ್ತರ ಸಿಗುವುದಿಲ್ಲ.

ಅದೇ 2020ರಲ್ಲಿ ನಮ್ಮ ವಿಧಾನಮಂಡಲ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರು ಜಮೀನು ಕೊಳ್ಳಲು ಇದ್ದ ಆದಾಯದ ಮಿತಿ ಹೋಯಿತು. ಆ ಮಿತಿಯನ್ನು 2015ರಲ್ಲೇ 25 ಲಕ್ಷಕ್ಕೆ ಏರಿಸಲಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಕೊಳ್ಳುವವರು ಯಾರು ಎಂಬ ಬಗ್ಗೆ ಸದನದಲ್ಲಿ ಸಾಕಷ್ಟು ಗಲಾಟೆಯಾಯಿತು. ಕೊಂಡವರು ಉಳುವುದಿಲ್ಲವಾದ್ದರಿಂದ ಉಳುವವರು ಯಾರು, ಅವರ ಹಕ್ಕೇನು ಎಂಬ ಪ್ರಶ್ನೆಗೆ ಅಷ್ಟು ಜಾಗ ಸಿಗಲಿಲ್ಲ. ಒಂಬತ್ತನೇ ಕಾಲಂನ ಹೆಸರು ಊರಿನಿಂದ ದೂರವಾದಷ್ಟೂ ಹೊಲದಲ್ಲಿ ಗುತ್ತಿಗೆದಾರ ಹೆಚ್ಚುತ್ತಾನೆ, ಐದನೇ ಸೆಕ್ಷನ್ ಹಾಗೆಯೇ ಇರುವವರೆಗೆ ಅವನು ಕಾಗದದ ಮೇಲೆ ಇಲ್ಲ.

ಏನು ಮಾಡಬಹುದು? ಯಜಮಾನರ ಭಯ ನಿಜವಾದದ್ದು ಎಂದು ಮೊದಲು ಒಪ್ಪಿಕೊಳ್ಳೋಣ. 1974 ಅವರ ನೆನಪಿನಲ್ಲಿದೆ. ಸಾಗುವಳಿದಾರನ ಹೆಸರು ಪಹಣಿಗೆ ಬಂದರೆ ಜಮೀನು ಹೋಯಿತು ಎಂದೇ ತಿಳಿಯುತ್ತಾರೆ, ಅದಕ್ಕೇ ವರ್ಷಕ್ಕೊಮ್ಮೆ ಆಳು ಬದಲಿಸುತ್ತಾರೆ ಅಥವಾ ಬೀಳು ಬಿಡುತ್ತಾರೆ. ಆದ್ದರಿಂದ ಮಾಲೀಕತ್ವವನ್ನು ಮುಟ್ಟದ, ಒಂದು ವರ್ಷದ ಮಟ್ಟಿಗೆ ಬೆಳೆಯ ಮೇಲೆ ಮಾತ್ರ ಹಕ್ಕು ಕೊಡುವ ಸಾಗುವಳಿ ಗುರುತಿನ ಚೀಟಿ ಬೇಕು. ಆಂಧ್ರಪ್ರದೇಶ 2011ರಲ್ಲಿ ಹೀಗೊಂದು ಕಾಯ್ದೆ ಮಾಡಿತು. ಕೌಲು ರೈತರಿಗೆ, ಅಂದರೆ ಗೇಣಿದಾರರಿಗೆ, ಸಾಲಕ್ಕೆ, ವಿಮೆಗೆ ಅರ್ಹತೆ ಕೊಡುವ ಕಾರ್ಡು, ಒಂದು ವರ್ಷದ ಅವಧಿ. 2019ರ ಹೊಸ ಕಾಯ್ದೆಯಲ್ಲಿ ಯಜಮಾನರ ಒಪ್ಪಂದ ಕಡ್ಡಾಯವಾಯಿತು. ಯಜಮಾನರು ಸಹಿ ಹಾಕುವುದಿಲ್ಲ ಎಂಬುದು ಅಲ್ಲಿನ ಕೌಲು ರೈತರ ದೂರು. ಅವರ ಅನುಭವದಿಂದ ನಾವು ಕಲಿಯಬಹುದು: ಚೀಟಿಗೆ ಗ್ರಾಮಸಭೆಯ ಸಾಕ್ಷಿ ಸಾಕಾಗಬೇಕು, ಜಮೀನು ಹೋಗದು ಎಂಬ ಭರವಸೆ ಕಾಯ್ದೆಯ ಮೈಯಲ್ಲೇ ಇರಬೇಕು. ಒಡಿಶಾದ ಕಾಲಿಯಾ ಯೋಜನೆ ಜಮೀನಿಲ್ಲದವರನ್ನೂ ನೆರವಿನೊಳಗೆ ತಂದಿತು. ನಮ್ಮಲ್ಲಿ ಬೆಳೆ ಸಮೀಕ್ಷೆಯ ಆ್ಯಪ್ ಇದೆ, ಹೊಲಕ್ಕೆ ಹೋಗಿ ಫೋಟೊ ತೆಗೆಯುತ್ತಾರೆ. ಬೆಳೆಯ ಹೆಸರು ಬರೆಯುವಾಗ ಬೆಳೆದವನ ಹೆಸರನ್ನೂ ಬರೆಯುವುದು ಕಷ್ಟದ ಕೆಲಸವಲ್ಲ.

ಈ ಕೆಲಸಕ್ಕೆ ಸಂಸತ್ತು, ವಿಧಾನಮಂಡಲ ಎರಡೂ ಬೇಕು. ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಕೃಷಿ 14ನೇ ನಮೂದು, ಭೂಮಿ 18ನೆಯದು. ಹಣದ ದೊಡ್ಡ ಯೋಜನೆಗಳು ದೆಹಲಿಯವು. ಗೇಣಿದಾರನಿಗೆ ಯಾಕಿಲ್ಲ ಎಂದು ಸಂಸತ್ತಿನಲ್ಲಿ ಕೇಳಿದರೆ ಭೂದಾಖಲೆ ರಾಜ್ಯದ್ದು ಎನ್ನುತ್ತಾರೆ, ವಿಧಾನಸಭೆಯಲ್ಲಿ ಕೇಳಿದರೆ ಯೋಜನೆಯ ನಿಯಮ ಕೇಂದ್ರದ್ದು ಎನ್ನುತ್ತಾರೆ. ಎರಡೂ ಉತ್ತರ ಸರಿ, ನಡುವೆ ಒಬ್ಬ ಮನುಷ್ಯ ಉಳಿದುಹೋಗುತ್ತಾನೆ.

ಎಂ.ಎಸ್. ಸ್ವಾಮಿನಾಥನ್ ಅವರ ಹೆಸರನ್ನು ನಮ್ಮ ಸದನಗಳು ಬೆಂಬಲ ಬೆಲೆಗಾಗಿ ಮತ್ತೆ ಮತ್ತೆ ನೆನೆಯುತ್ತವೆ, ನೆನೆಯಲೇಬೇಕು. ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗದ ನಂತರ ಬಂದ 2007ರ ರಾಷ್ಟ್ರೀಯ ರೈತ ನೀತಿ ರೈತ ಎಂದರೆ ಯಾರು ಎಂಬುದನ್ನೂ ವಿಸ್ತರಿಸಿತ್ತು. ಗೇಣಿದಾರ, ಪಾಲುದಾರ, ಕೂಲಿ, ಮೀನುಗಾರ ಎಲ್ಲರೂ ಅದರಲ್ಲಿದ್ದಾರೆ. ಆ ಭಾಗವನ್ನು ಎತ್ತಿ ಹಿಡಿದವರು ಕಡಿಮೆ. ಸ್ವಾಮಿನಾಥನ್ ಅವರು ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದಾಗ ಮಹಿಳಾ ರೈತರ ಹಕ್ಕಿನ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಹೊಲದಲ್ಲಿ ದುಡಿಯುವ ಹೆಂಗಸಿಗೆ, ಜಮೀನು ಅವಳ ಹೆಸರಿನಲ್ಲಿರಲಿ ಬಿಡಲಿ, ಗ್ರಾಮಸಭೆಯ ಒಪ್ಪಿಗೆಯ ಮೇಲೆ ಪಂಚಾಯಿತಿ ಮಹಿಳಾ ರೈತ ಪ್ರಮಾಣಪತ್ರ ಕೊಡಬೇಕು, ಅದರ ಆಧಾರದ ಮೇಲೆ ಸಾಲ, ನೀರು, ನೆರವು ಸಿಗಬೇಕು ಎಂಬುದು ಅದರ ಸಾರ. 2013ರಲ್ಲಿ ಅವರ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. 1970ರ ನಂತರ ಖಾಸಗಿ ಸದಸ್ಯರ ಮಸೂದೆ ಒಂದೂ ಕಾನೂನಾಗಿಲ್ಲ ಎಂಬುದು ನನಗೆ ತಿಳಿದಿದೆ. ಆದರೂ ಮಂಡಿಸಿದ ಮಸೂದೆ ಸದನದ ನಡಾವಳಿಗೆ ಸೇರುತ್ತದೆ, ಚರ್ಚೆಗೆ ಬಂದರೆ ಸರ್ಕಾರ ಉತ್ತರ ಕೊಡಬೇಕಾಗುತ್ತದೆ. ಕರ್ನಾಟಕದಿಂದ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸದಸ್ಯರಿದ್ದಾರೆ. ಅವರಲ್ಲಿ ಯಾರಾದರೊಬ್ಬರು ಆ ಕರಡನ್ನು ಗೇಣಿದಾರರಿಗೂ ವಿಸ್ತರಿಸಿ ಒಂದು ಶುಕ್ರವಾರ ಮತ್ತೆ ಮಂಡಿಸಬಹುದು. ನಿಮ್ಮ ಕ್ಷೇತ್ರದ ಸದಸ್ಯರು ಊರಿಗೆ ಬಂದಾಗ ದಯವಿಟ್ಟು ಇದನ್ನು ಕೇಳಿ.